ವೈದ್ಯ ವಿದ್ಯಾರ್ಥಿಗಳ ಮನೋವ್ಯಥೆ

ಮಗಳು ವೈದ್ಯಕೀಯ ಕಾಲೇಜನ್ನು ಸೇರಿದಳೆಂದರೆ ಮನೆಮಂದಿಗೆಲ್ಲ ಹಿಗ್ಗು. ಆದರೆ ಪರರ ವ್ಯಾಧಿಯನ್ನರಿಯಲು ಹೊರಟವರ ಮನಸ್ಸೇ ಕುಗ್ಗುವುದುಂಟೆಂಬುದನ್ನು ತಾಯಿತಂದೆಗಳು ತಿಳಿದಿರತಕ್ಕದ್ದು.

ಅಮೆರಿಕದ ವೈದ್ಯಸಂಘದ ಪತ್ರಿಕೆಯು 2016ರಲ್ಲಿ 47 ದೇಶಗಳ 195 ಅಧ್ಯಯನಗಳ ಸಮೀಕ್ಷೆಯೊಂದನ್ನು ಪ್ರಕಟಿಸಿತು. ಅದರ ಪ್ರಕಾರ ವೈದ್ಯ ವಿದ್ಯಾರ್ಥಿಗಳಲ್ಲಿ ನೂರಕ್ಕೆ ಸುಮಾರು 27 ಮಂದಿಯಲ್ಲಿ ಖಿನ್ನತೆಯ ಲಕ್ಷಣಗಳಿದ್ದವು. ಸುಮಾರು 11 ಮಂದಿಗೆ ಪ್ರಾಣತ್ಯಾಗದ ಯೋಚನೆ ಬಂದಿತ್ತು. ಲಕ್ಷಣವುಳ್ಳವರಲ್ಲಿ ಚಿಕಿತ್ಸೆಯನ್ನರಸಿದವರಾದರೋ ನೂರಕ್ಕೆ ಸುಮಾರು 16 ಮಂದಿ ಮಾತ್ರ.

ಇದಕ್ಕೆ ಕಾರಣಗಳು ಹಲವು. ಪಾಠದ ಹೊರೆ, ಪರೀಕ್ಷೆಯ ಭಯ, ನಿದ್ರಾಭಂಗ, ಮನೆಯ ಅಗಲಿಕೆ ಮತ್ತು ಕಣ್ಣೆದುರಿನ ಮರಣ ಇವು ಮನಸ್ಸನ್ನು ಬಳಲಿಸುತ್ತವೆ. ತನ್ನ ಶಾಲೆಯಲ್ಲಿ ಮೊದಲಿಗಳಾಗಿದ್ದವಳು ಅಲ್ಲಿ ಮೊದಲಿಗರ ನಡುವೆ ಸಾಮಾನ್ಯಳಾಗುವಳು. ಮೇಲಾಗಿ, ವೈದ್ಯಳಾಗತಕ್ಕವಳಿಗೇ ಬೇನೆಯೆಂದರೆ ಜನರು ಏನೆಂದಾರೆಂಬ ನಾಚಿಕೆಯು ಆಕೆಯ ಬಾಯನ್ನು ಕಟ್ಟುತ್ತದೆ.

ಎರಡು ವಾರಗಳಿಗೆ ಮೀರಿ ದುಃಖ, ನಿರಾಸಕ್ತಿ, ನಿದ್ರೆ ಆಹಾರಗಳ ವ್ಯತ್ಯಾಸ, ತಾನು ನಿಷ್ಪ್ರಯೋಜಕಳೆಂಬ ಭಾವ ಇವು ಉಳಿದರೆ ಅದು ಸೋಮಾರಿತನವಲ್ಲ, ರೋಗ. ಚಿಕಿತ್ಸೆಯಿಂದ ಗುಣವಾಗತಕ್ಕ ರೋಗ.

ಆದಕಾರಣ ಮಗಳ ಕರೆ ಬಂದಾಗ ಅಂಕಗಳಿಗಿಂತ ಮೊದಲು ಆಕೆಯ ಊಟ ನಿದ್ರೆಗಳನ್ನು ವಿಚಾರಿಸಿರಿ. ಬದುಕು ಬೇಡವೆನಿಸುವುದೋ ಎಂದು ನೇರವಾಗಿ ಕೇಳಲು ಅಂಜಬೇಡಿರಿ. ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟದು, ಬಚ್ಚಿಟ್ಟ ಭಾರವು ಇಳಿದೀತು. ಭಾರತ ಸರಕಾರವು 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆಯು 14416 ಎಂಬ ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ, ಕನ್ನಡದಲ್ಲಿಯೂ ದೊರೆಯುತ್ತದೆ. ಒಂದು ವರ್ಷದ ಓದು ತಡವಾದರೆ ನಷ್ಟವು ಅಲ್ಪ. ಮಗಳು ಉಳಿದರೆ ಎಲ್ಲವೂ ಉಳಿಯಿತು.