ಓದಿನ ಸಾಲ: ಸಹಿ ಹಾಕುವ ಮುಂಚೆ, ಸಹಿ ಹಾಕಿದ ಮೇಲೆ

ಕಳೆದ ರಾಜ್ಯೋತ್ಸವದ ದಿನ ನಮ್ಮ ಸಂಘದ ಸಭಾಂಗಣದಲ್ಲಿ ಊಟ ಮುಗಿದು ಎಲೆ ತೆಗೆಯುವ ಹೊತ್ತಿಗೆ ಒಬ್ಬಳು ಹುಡುಗಿ ನನ್ನ ಪಕ್ಕ ಬಂದು ಕುಳಿತಳು. ಸಂಜೆ ನಾಟಕದಲ್ಲಿ ಓಬವ್ವನ ಪಾತ್ರ ಮಾಡಬೇಕಿದ್ದವಳು, ಆದರೆ ಮುಖದಲ್ಲಿ ಕಳೆಯೇ ಇರಲಿಲ್ಲ. "ಆಂಟಿ, ನಿಮ್ಮ ಮಗ ಎಜುಕೇಶನ್ ಲೋನ್ ತಗೊಂಡು ಓದಿದ್ದು ಅಂತ ಅಮ್ಮ ಹೇಳಿದ್ರು. ಅದನ್ನ ಯಾವಾಗಿಂದ ಕಟ್ಟಬೇಕು? ಅಪ್ಪನ್ನ ಕೇಳೋಕೆ ಭಯ" ಎಂದಳು. ಇಂಜಿನಿಯರಿಂಗ್ ಕೊನೆಯ ವರ್ಷ. ಎಷ್ಟು ಸಾಲ ಎಂದು ಕೇಳಿದೆ. ಗೊತ್ತಿಲ್ಲ ಎಂದಳು. ಬಡ್ಡಿ ಎಷ್ಟು? ಅದೂ ಗೊತ್ತಿಲ್ಲ. ಯಾವ ಬ್ಯಾಂಕು ಎಂಬುದು ಮಾತ್ರ ಗೊತ್ತಿತ್ತು.

ಅವಳನ್ನು ಬೈಯುವ ಹಕ್ಕು ನನಗಿಲ್ಲ. ಹದಿನೈದು ವರ್ಷದ ಹಿಂದೆ ನನಗೂ ಅಷ್ಟೇ ಗೊತ್ತಿದ್ದದ್ದು. ನಾನು ಓದಿದ್ದು ಇಂಗ್ಲಿಷ್ ಬಿ.ಎ. ಷೇಕ್ಸ್‌ಪಿಯರನ ನಾಟಕದಲ್ಲಿ ಶೈಲಾಕ್ ಬರೆಸಿಕೊಂಡ ಪತ್ರದ ಬಗ್ಗೆ ಪರೀಕ್ಷೆಯಲ್ಲಿ ನಾಲ್ಕು ಪುಟ ಬರೆದವಳು, ಬ್ಯಾಂಕಿನವರು ಕೊಟ್ಟ ಪತ್ರಕ್ಕೆ ಓದದೆಯೇ ಸಹಿ ಹಾಕಿ ಬಂದೆ. ಆದ್ದರಿಂದ ಇದನ್ನು ಆ ಹುಡುಗಿಗೂ, ಚೆನ್ನೈನಲ್ಲೇ ಹುಟ್ಟಿ ಬೆಳೆದ ನಿಮಗೆಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ.

ನೀವು ಶಾಲೆಯಲ್ಲಿ ತಮಿಳು ಕಲಿತವರು. ಓದಿನ ಸಾಲಕ್ಕೆ ಇಲ್ಲಿ 'ಕಲ್ವಿ ಕಡನ್' ಎನ್ನುತ್ತಾರೆ. ನಮ್ಮಲ್ಲೂ 'ಕಡ' ಎಂಬ ಮಾತಿದೆ. ಪಕ್ಕದ ಮನೆಯಿಂದ ಒಂದು ಲೋಟ ಸಕ್ಕರೆ ಕಡ ತಂದರೆ ಒಂದು ಲೋಟವೇ ಹಿಂತಿರುಗಿಸುತ್ತೇವೆ. ಸಾಲ ಹಾಗಲ್ಲ, ಅದು ತಂದ ದಿನದಿಂದಲೇ ಬೆಳೆಯುತ್ತದೆ. ನಾವು ಗಂಡ ಹೆಂಡತಿ ಇಬ್ಬರೂ ಸಾಲವನ್ನು ಕಡ ಎಂದು ತಿಳಿದು ಮೋಸಹೋದೆವು.

ನಡೆದದ್ದು ಹೀಗೆ. 2011ರಲ್ಲಿ ಮಗನಿಗೆ ಶ್ರೀಪೆರಂಬದೂರಿನ ಕಡೆಯ ಒಂದು ಕಾಲೇಜಿನಲ್ಲಿ ಸೀಟು ಸಿಕ್ಕಿತು. ನಮ್ಮವರದು ಖಾಸಗಿ ಕಂಪನಿಯ ಲೆಕ್ಕಪತ್ರದ ಕೆಲಸ. ವರ್ಷಕ್ಕೆ 1 ಲಕ್ಷದಂತೆ ನಾಲ್ಕು ವರ್ಷಕ್ಕೆ 4 ಲಕ್ಷ ಸಾಲ, ಬಡ್ಡಿ ಶೇಕಡಾ 12. "ಓದು ಮುಗಿಯುವವರೆಗೆ ಏನೂ ಕಟ್ಟಬೇಕಾಗಿಲ್ಲ ಮೇಡಂ" ಎಂದರು ಬ್ಯಾಂಕಿನಲ್ಲಿ. ಅದು ಸುಳ್ಳಲ್ಲ. ಕಟ್ಟಬೇಕಾಗಿಲ್ಲ ಎಂದರೆ ಬಡ್ಡಿಯೂ ಇಲ್ಲ ಎಂದು ನಾವೇ ಅರ್ಥ ಮಾಡಿಕೊಂಡೆವು. 2015ರಲ್ಲಿ ಓದು ಮುಗಿಯಿತು. ಕ್ಯಾಂಪಸ್‌ನಲ್ಲಿ ಆರಿಸಿದ ಕಂಪನಿ ಹತ್ತು ತಿಂಗಳು ಕರೆಯಲೇ ಇಲ್ಲ. ಕೊನೆಗೆ ಕರೆದು ಪುಣೆಗೆ ಹಾಕಿದರು. ಅಷ್ಟರಲ್ಲಿ ನಾವು ಪಶ್ಚಿಮ ಮಾಂಬಲದ ಬಾಡಿಗೆ ಮನೆ ಬಿಟ್ಟು ನಂಗನಲ್ಲೂರಿಗೆ ಬಂದಿದ್ದೆವು, ಬ್ಯಾಂಕಿಗೆ ಹೊಸ ವಿಳಾಸ ಕೊಡಲು ಮರೆತಿದ್ದೆವು. ಕಂತು ಶುರುವಾದ ಪತ್ರ ಹಳೆಯ ಮನೆಗೆ ಹೋಯಿತು. ಎರಡು ಕಂತು ತಪ್ಪಿತು.

ಒಂದು ರಾತ್ರಿ ಒಂಬತ್ತು ಗಂಟೆಗೆ ನಮ್ಮವರಿಗೆ ಫೋನು. ಯಾರೋ ವಸೂಲಿಯವನು. "ನಿಮ್ಮ ಮಗ ಸಾಲ ತಗೊಂಡು ಎಲ್ಲಿ ಓಡಿಹೋದ?" ಎಂದು ತಮಿಳಿನಲ್ಲಿ ಕೇಳಿದನಂತೆ. ಜೀವನದಲ್ಲಿ ದಿನಸಿ ಅಂಗಡಿಯಲ್ಲಿ ಕೂಡ ಬಾಕಿ ಬರೆಸದ ಮನುಷ್ಯ ಆ ರಾತ್ರಿ ಮೊಸರನ್ನದ ತಟ್ಟೆ ಹಾಗೇ ಬಿಟ್ಟು ಎದ್ದರು. ಮರುದಿನ ಬ್ಯಾಂಕಿಗೆ ಓಡಿದೆವು. 4 ಲಕ್ಷ ಎಂದುಕೊಂಡಿದ್ದ ಸಾಲ 5 ಲಕ್ಷ 68 ಸಾವಿರ ಆಗಿತ್ತು. ಏಳು ವರ್ಷಕ್ಕೆ ತಿಂಗಳ ಕಂತು ಸುಮಾರು 10 ಸಾವಿರ. ಮಗನ ಕೈಗೆ ಬರುತ್ತಿದ್ದ ಸಂಬಳ 21 ಸಾವಿರ. ಆ ಎರಡು ತಪ್ಪಿದ ಕಂತುಗಳು 2018ರಲ್ಲಿ ಬೈಕಿನ ಸಾಲಕ್ಕೆ ಹೋದಾಗಲೂ ಸಿಬಿಲ್ ವರದಿಯಲ್ಲಿ ಕುಳಿತಿದ್ದವು.

ಲೆಕ್ಕ ಎಲ್ಲಿ ತಪ್ಪಿತು ಎಂದು ನೀವು ನೋಡಬೇಕು. ಈಗಿನ ಖರ್ಚಿಗೆ ತಕ್ಕಂತೆ ಒಂದು ಉದಾಹರಣೆ ಇಟ್ಟುಕೊಳ್ಳಿ. ವರ್ಷದ ಆರಂಭದಲ್ಲಿ 2 ಲಕ್ಷದಂತೆ ನಾಲ್ಕು ವರ್ಷ, ಒಟ್ಟು 8 ಲಕ್ಷ, ಬಡ್ಡಿ ಶೇಕಡಾ 10. ಓದು ಮುಗಿದ ಮೇಲೆ ಒಂದು ವರ್ಷ ಬಿಡುವು. ಮೊದಲ ಕಂತಿನ 2 ಲಕ್ಷಕ್ಕೆ ಐದು ವರ್ಷ ಬಡ್ಡಿ, ಎರಡನೆಯದಕ್ಕೆ ನಾಲ್ಕು, ಹೀಗೆ. ಸರಳ ಬಡ್ಡಿಯೇ 2 ಲಕ್ಷ 80 ಸಾವಿರ. ನೀವು ಮೊದಲ ರೂಪಾಯಿ ಕಟ್ಟುವ ಮುಂಚೆ ಸಾಲ 10 ಲಕ್ಷ 80 ಸಾವಿರ. ಹತ್ತು ವರ್ಷಕ್ಕೆ ಕಂತು ಮಾಡಿಸಿದರೆ ತಿಂಗಳಿಗೆ 14,270 ರೂಪಾಯಿ ಚಿಲ್ಲರೆ. ಮೊದಲ ಕಂತಿನಲ್ಲಿ 9,000 ಬಡ್ಡಿಗೇ ಹೋಗುತ್ತದೆ, ಅಸಲಿಗೆ ಸೇರುವುದು 5,270 ಮಾತ್ರ. ಹತ್ತು ವರ್ಷದಲ್ಲಿ ಒಟ್ಟು 17 ಲಕ್ಷ ದಾಟುತ್ತದೆ. ಕಂತು ಕಡಿಮೆಯಾಗಲಿ ಎಂದು ಹದಿನೈದು ವರ್ಷ ಮಾಡಿಸಿದರೆ ತಿಂಗಳಿಗೆ 11,600, ಆದರೆ ಒಟ್ಟು ಹತ್ತಿರ ಹತ್ತಿರ 21 ಲಕ್ಷ.

ಅದೇ ಸಾಲಕ್ಕೆ ಓದುವಾಗಲೇ ಬಡ್ಡಿ ಕಟ್ಟುತ್ತಾ ಬಂದರೆ? ಮೊದಲ ವರ್ಷ ತಿಂಗಳಿಗೆ 1,670 ರೂಪಾಯಿ, ಎರಡನೇ ವರ್ಷ 3,330, ಹೀಗೆ ಏರಿ ಕೊನೆಗೆ 6,670. ಆಗ ಕಂತು ಶುರುವಾಗುವಾಗ ಸಾಲ 8 ಲಕ್ಷವೇ ಇರುತ್ತದೆ, ಹತ್ತು ವರ್ಷಕ್ಕೆ ತಿಂಗಳ ಕಂತು 10,570. ಎಲ್ಲ ಸೇರಿಸಿದರೂ ಸುಮಾರು 1 ಲಕ್ಷ 64 ಸಾವಿರ ಉಳಿತಾಯ. ಹೀಗೆ ಬಡ್ಡಿ ಕಟ್ಟುವವರಿಗೆ ಅನೇಕ ಬ್ಯಾಂಕುಗಳು ಬಡ್ಡಿಯಲ್ಲಿ ಶೇಕಡಾ 1 ಬಿಡುತ್ತವೆ, ಕೇಳಿ ಪಡೆಯಬೇಕು. ಪೂರ್ತಿ ಆಗದಿದ್ದರೆ ಅರ್ಧ ಕಟ್ಟಿ. ಟ್ಯೂಷನ್ ಹೇಳಿಕೊಟ್ಟ ದುಡ್ಡೋ, ಹಬ್ಬಕ್ಕೆ ಅಜ್ಜಿ ಕೊಟ್ಟ ದುಡ್ಡೋ. ನಮ್ಮ ಮಾವನವರ ಊರು ಉಡುಪಿ. ಅಲ್ಲಿ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ಶುರು ಮಾಡಿದಾಗ ದಿನಕ್ಕೆ ಎರಡಾಣೆ ಇದ್ದರೂ ಏಜೆಂಟರು ಮನೆ ಬಾಗಿಲಿಗೆ ಬಂದು ತೆಗೆದುಕೊಂಡು ಹೋಗುತ್ತಿದ್ದರು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಮಾವನವರು ಅಂಗಡಿಯಲ್ಲಿ ಕೂಡಿಟ್ಟ ಪಿಗ್ಮಿಯಿಂದಲೇ ನಮ್ಮವರ ಬಿ.ಕಾಂ. ಆದದ್ದು.

ಸಾಲ ಮಾಡಿ ಓದುವುದು ಅವಮಾನ ಎಂದು ನಿಮ್ಮ ಮನೆಯಲ್ಲಿ ಯಾರಾದರೂ ಗೊಣಗಿದರೆ ಒಂದು ವಿಷಯ ಹೇಳಿ. ನಮ್ಮ ಅಜ್ಜಂದಿರ ಕಾಲದಲ್ಲಿ ಬಡ ಹುಡುಗರು ವಾರಾನ್ನ ಮಾಡಿ ಓದಿದರು, ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಅದೂ ಋಣವೇ, ಕಾಗದದಲ್ಲಿ ಬರೆಯದ ಋಣ. ಜೆಮ್‌ಷೆಟ್‌ಜಿ ಟಾಟಾ ಅವರು 1892ರಲ್ಲಿ ವಿದೇಶದಲ್ಲಿ ಓದುವವರಿಗಾಗಿ ನಿಧಿ ಇಟ್ಟಾಗ ಅದನ್ನು ದಾನವಾಗಿ ಕೊಡಲಿಲ್ಲ, ಹಿಂತಿರುಗಿಸಬೇಕಾದ ಸಾಲವಾಗಿ ಕೊಟ್ಟರು. ಹಿಂದಿರುಗಿದ ಹಣದಲ್ಲಿ ಮತ್ತೊಬ್ಬರು ಓದಬೇಕು ಎಂಬುದು ಲೆಕ್ಕ. ತುಮಕೂರಿನಲ್ಲಿ ಹುಟ್ಟಿ, ಇದೇ ನಮ್ಮ ತಾಂಬರಂನ ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಓದಿದ ವಿಜ್ಞಾನಿ ರಾಜಾ ರಾಮಣ್ಣನವರು ಲಂಡನ್ನಿಗೆ ಹೋದದ್ದು ಆ ಟಾಟಾ ವಿದ್ಯಾರ್ಥಿವೇತನದಲ್ಲೇ.

ಈಗಿನ ಬ್ಯಾಂಕ್ ಸಾಲದ ಮಾದರಿ ಯೋಜನೆ ಬಂದದ್ದು 2001ರಲ್ಲಿ. 4 ಲಕ್ಷದವರೆಗೆ ಒತ್ತೆ ಕೇಳುವಂತಿಲ್ಲ. 2015ರಲ್ಲಿ ಕೇಂದ್ರ ಸರ್ಕಾರದ ಖಾತರಿ ನಿಧಿ ಬಂದ ಮೇಲೆ ಅದರಡಿ ಏಳೂವರೆ ಲಕ್ಷದವರೆಗೂ ಒತ್ತೆ, ಜಾಮೀನು ಇಲ್ಲದೆ ಕೊಡಬಹುದು. ಅದಕ್ಕಿಂತ ಮೇಲಾದರೆ ಸಾಮಾನ್ಯವಾಗಿ ಮನೆಯ ಪತ್ರವೋ ಠೇವಣಿಯೋ ಕೇಳುತ್ತಾರೆ. 2024ರ ನವೆಂಬರಿನಲ್ಲಿ ಪಿಎಂ ವಿದ್ಯಾಲಕ್ಷ್ಮಿ ಯೋಜನೆಗೆ ಒಪ್ಪಿಗೆ ಸಿಕ್ಕಿತು. ಮನೆಯ ವರಮಾನ ವರ್ಷಕ್ಕೆ 8 ಲಕ್ಷದೊಳಗಿದ್ದು, ಪಟ್ಟಿಯಲ್ಲಿರುವ ಒಳ್ಳೆಯ ಸಂಸ್ಥೆಯಲ್ಲಿ ಸೀಟು ಸಿಕ್ಕಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಬಿಡುವಿನ ಅವಧಿಯಲ್ಲಿ ಶೇಕಡಾ 3 ಬಡ್ಡಿ ನೆರವು ಇದೆ. ವರಮಾನದ ಸರ್ಟಿಫಿಕೇಟಿಗೆ ತಾಲ್ಲೂಕು ಕಛೇರಿಗೆ ಅಲೆಯಲು ನಾಚಬೇಡಿ. ನಾವು ನಾಚಿದೆವು, ವಿಚಾರಿಸಲೂ ಹೋಗಲಿಲ್ಲ.

ಅಪ್ಪ ಅಮ್ಮ ಹಾಕುವ ಸಹಿ ಸಾಕ್ಷಿಯ ಸಹಿ ಅಲ್ಲ. ಅವರು ಸಹ ಸಾಲಗಾರರು. ನೀವು ಕಟ್ಟದಿದ್ದರೆ ಬ್ಯಾಂಕು ಅವರನ್ನೇ ಹಿಡಿಯುತ್ತದೆ, ನಿಮ್ಮ ಜೊತೆಗೆ ಅವರ ಸಿಬಿಲ್ ಲೆಕ್ಕವೂ ಕೆಡುತ್ತದೆ. ನಿವೃತ್ತಿಗೆ ನಾಲ್ಕು ವರ್ಷ ಇರುವ ತಂದೆಗೆ ಇದು ಸಣ್ಣ ಮಾತಲ್ಲ.

ಕೆಲಸ ಸಿಕ್ಕಿತು ಎಂದಿಟ್ಟುಕೊಳ್ಳಿ. ಮೊದಲ ಸಂಬಳದಲ್ಲಿ ಅಮ್ಮನಿಗೆ ಸೀರೆ ತನ್ನಿ, ಬೇಡ ಎನ್ನುವುದಿಲ್ಲ. ಪಾಂಡಿ ಬಜಾರಿನ ಸೀರೆಯೇ ಸಾಕು, ಕಂಚಿ ಪಟ್ಟು ಆಮೇಲೆ ಆಗಲಿ. ಸಂಬಳ ಬೀಳುವ ದಿನದ ಮರುದಿನಕ್ಕೆ ಕಂತಿನ ದಿನ ಇಡಿಸಿಕೊಳ್ಳಿ. ಮೇಲಿನ ಉದಾಹರಣೆಯಲ್ಲಿ ತಿಂಗಳಿಗೆ 2,000 ಹೆಚ್ಚು ಕಟ್ಟಿದರೆ ಹತ್ತು ವರ್ಷದ ಸಾಲ ಎಂಟು ವರ್ಷ ಒಂದು ತಿಂಗಳಿಗೆ ತೀರುತ್ತದೆ, 1 ಲಕ್ಷ 30 ಸಾವಿರದಷ್ಟು ಬಡ್ಡಿ ಉಳಿಯುತ್ತದೆ. ಬಡ್ಡಿ ದರ ಏರಿಳಿಯುವಂಥ ಸಾಲವನ್ನು ಮುಂಚಿತವಾಗಿ ತೀರಿಸಿದರೆ ದಂಡ ಹಾಕುವಂತಿಲ್ಲ ಎಂದು ರಿಸರ್ವ್ ಬ್ಯಾಂಕು 2014ರಲ್ಲೇ ಹೇಳಿದೆ. ಹೆಚ್ಚಿನ ಹಣ ಕಟ್ಟುವಾಗ 'ಇದು ಅಸಲಿಗೆ' ಎಂದು ಬರೆದು ಕೊಟ್ಟು ರಸೀದಿ ಇಟ್ಟುಕೊಳ್ಳಿ. ಆದಾಯ ತೆರಿಗೆಯಲ್ಲಿ 80ಇ ಎಂದು ಹೆಸರಾದ ರಿಯಾಯಿತಿಯಲ್ಲಿ ಕಟ್ಟಿದ ಬಡ್ಡಿ ಪೂರ್ತಿ ಕಳೆಯಬಹುದು, ಆದರೆ ಎಂಟು ವರ್ಷ ಮಾತ್ರ, ಅದೂ ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ. ಚಿಕ್ಕಪ್ಪನಿಂದ ತಂದ ಕೈಸಾಲಕ್ಕೆ ಇದು ಸಿಗದು.

ಕೆಲಸ ಸಿಗಲಿಲ್ಲ, ಅಥವಾ ಹೋಯಿತು. ಆಗ ಏನು? ಆಗ ನಮ್ಮ ಮಕ್ಕಳು ಮಾಡುವ ಮೊದಲ ಕೆಲಸ ಬ್ಯಾಂಕಿನ ಫೋನು ಎತ್ತದೇ ಇರುವುದು. ಅದೇ ತಪ್ಪು. ಕಂತು 90 ದಿನ ಮೀರಿ ಬಾಕಿಯಾದರೆ ಸಾಲ 'ಎನ್‌ಪಿಎ' ಆಗುತ್ತದೆ, ಆಮೇಲೆ ಮ್ಯಾನೇಜರ್ ಮನಸ್ಸು ಮಾಡಿದರೂ ಕೈ ಕಟ್ಟಿರುತ್ತದೆ. ಅದಕ್ಕೆ ಮುಂಚೆಯೇ ಹೋಗಿ, ಕೆಲಸ ಹೋದ ಪತ್ರ ತೋರಿಸಿ, ಅವಧಿ ಹೆಚ್ಚಿಸಿ ಕಂತು ಇಳಿಸಲು ಲಿಖಿತವಾಗಿ ಕೇಳಿ. ಪ್ರತಿಯ ಮೇಲೆ ಬ್ಯಾಂಕಿನ ಮೊಹರು ಹಾಕಿಸಿಕೊಳ್ಳಿ. ವಸೂಲಿಯವರು ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಫೋನು ಮಾಡುವಂತಿಲ್ಲ ಎಂದು ರಿಸರ್ವ್ ಬ್ಯಾಂಕು 2022ರಲ್ಲಿ ಸ್ಪಷ್ಟಪಡಿಸಿದೆ. ಬೈದರೆ, ಹೆದರಿಸಿದರೆ ಮೊದಲು ಬ್ಯಾಂಕಿಗೆ ದೂರು, ಅಲ್ಲಿ ಆಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬಡ್ಸ್‌ಮನ್‌ಗೆ. 2016ರಲ್ಲಿ ಮಧುರೆಯಲ್ಲಿ ಇಂಜಿನಿಯರಿಂಗ್ ಮುಗಿಸಿದ ಹುಡುಗನೊಬ್ಬ ಪ್ರಾಣ ಕಳೆದುಕೊಂಡ, ಓದಿನ ಸಾಲದ ವಸೂಲಿಯ ಕಾಟವೇ ಕಾರಣ ಎಂದು ಮನೆಯವರು ಹೇಳಿದರು. ಆ ಸುದ್ದಿ ಓದಿದಾಗ ನಮ್ಮ ಮನೆಗೂ ಫೋನು ಬರುತ್ತಿದ್ದ ಕಾಲ. ನಾನು ಆ ರಾತ್ರಿಯೇ ಪುಣೆಗೆ ಫೋನು ಮಾಡಿ ಮಗನಿಗೆ, "ದುಡ್ಡು ಹೇಗಾದರೂ ಆಗುತ್ತೆ, ನೀನು ಊಟ ಮಾಡಿದೆಯೇನೋ?" ಎಂದು ಕೇಳಿದೆ. ಏನನ್ನೂ ಮುಚ್ಚಿಡಬೇಡ ಎಂದೆ. ನಿಮ್ಮ ಅಮ್ಮಂದಿರೂ ಇದನ್ನೇ ಹೇಳುತ್ತಾರೆ. ಬೈಯುತ್ತಾರೆ, ಆಮೇಲೆ ಹೇಳುತ್ತಾರೆ.

ಅಮೆರಿಕಕ್ಕೆ, ಇಂಗ್ಲೆಂಡಿಗೆ ಹೊರಟವರಿಗೆ ಎರಡು ಮಾತು. 2014ರಲ್ಲಿ ಒಂದು ಡಾಲರಿಗೆ ಸುಮಾರು 60 ರೂಪಾಯಿ ಇತ್ತು, 2024ರ ಕೊನೆಗೆ 85ರ ಹತ್ತಿರ ಬಂತು. ಮಂಜೂರಾದ ಸಾಲ ರೂಪಾಯಿಯಲ್ಲಿ, ಫೀಸು ಡಾಲರಿನಲ್ಲಿ. ಎರಡನೇ ವರ್ಷ ಸಾಲದೇ ಬರುವುದು ಇದರಿಂದಲೇ. ಇಂಗ್ಲೆಂಡಿನಲ್ಲಿ ಅಲ್ಲಿಯ ಮಕ್ಕಳಿಗೆ ಸರ್ಕಾರ ಕೊಡುವ ಸಾಲವನ್ನು ಸಂಬಳ ಒಂದು ಮಟ್ಟ ದಾಟಿದ ಮೇಲಷ್ಟೇ ಹಿಡಿಯುತ್ತಾರೆ, ಬಹಳ ವರ್ಷ ಕಳೆದರೆ ಉಳಿದದ್ದನ್ನು ಬಿಟ್ಟೂ ಬಿಡುತ್ತಾರೆ. ನಿಮ್ಮ ಅಲ್ಲಿಯ ಗೆಳೆಯರ ಮಾತು ಕೇಳಿ ನಮ್ಮ ಸಾಲವೂ ಹಾಗೇ ಎಂದುಕೊಳ್ಳಬೇಡಿ.

ಹೆಣ್ಣುಮಕ್ಕಳು ನನ್ನನ್ನು ಗುಟ್ಟಾಗಿ ಕೇಳುವ ಪ್ರಶ್ನೆ ಒಂದಿದೆ. ಮದುವೆ ಮಾತುಕತೆಯಲ್ಲಿ ಸಾಲದ ವಿಷಯ ಹೇಳಬೇಕೇ? ಹೇಳಬೇಕು, ನಿಶ್ಚಿತಾರ್ಥಕ್ಕೆ ಮುಂಚೆಯೇ, ನೀವೇ, ಹುಡುಗನಿಗೇ. ಎಷ್ಟು ಬಾಕಿ, ಎಷ್ಟು ವರ್ಷ, ನನ್ನ ಸಂಬಳದಿಂದಲೇ ಕಟ್ಟುತ್ತೇನೆ ಎಂದು. ಮದುವೆ ಖರ್ಚಿಗೆ ಅಪ್ಪ ಇನ್ನೊಂದು ಸಾಲ ಮಾಡುವುದಾದರೆ, ಛತ್ರ ಚಿಕ್ಕದಾಗಲಿ ಎನ್ನುವ ಧೈರ್ಯ ಕೂಡ ನಿಮಗೇ ಬೇಕು. ನನ್ನ ಮಗಳು ಹೀಗೆ ಹೇಳಿದ್ದಕ್ಕೆ ಒಂದು ಸಂಬಂಧ ತಪ್ಪಿತು. ನನಗೆ ಎರಡು ದಿನ ಬೇಜಾರಾಯಿತು, ಅವಳಿಗೆ ಆಗಲಿಲ್ಲ.

ಮಗ 2020ರಲ್ಲಿ ಕೊರೊನಾ ಬಂದಾಗ ಕಂತಿಗೆ ಕೊಟ್ಟ ಆರು ತಿಂಗಳ ಬಿಡುವು ತೆಗೆದುಕೊಳ್ಳಲಿಲ್ಲ. ಬಿಡುವಿನಲ್ಲೂ ಬಡ್ಡಿ ಓಡುತ್ತದೆ ಎಂಬುದು ಅಷ್ಟು ಹೊತ್ತಿಗೆ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠವಾಗಿತ್ತು. ಬೋನಸ್ಸು ಬಂದಾಗಲೆಲ್ಲ ಅಸಲಿಗೆ ಹಾಕಿ 2021ರ ಮಾರ್ಚಿನಲ್ಲಿ, ಎರಡು ವರ್ಷ ಮುಂಚೆಯೇ, ತೀರಿಸಿದ. ಕೊನೆಯ ಕಂತು ಕಟ್ಟಿ ಸುಮ್ಮನೆ ಬರಬೇಡಿ. 'ಬಾಕಿ ಇಲ್ಲ' ಎಂಬ ಪತ್ರ ಕೇಳಿ, ಕೊಟ್ಟಿದ್ದ ಮೂಲ ದಾಖಲೆಗಳನ್ನು ಎಣಿಸಿಕೊಂಡು ತನ್ನಿ, ಎರಡು ತಿಂಗಳು ಬಿಟ್ಟು ಸಿಬಿಲ್‌ನಲ್ಲಿ ಖಾತೆ ಮುಚ್ಚಿದೆಯೇ ನೋಡಿ. ನಮ್ಮ ಮನೆಯ ಆ ಪತ್ರವನ್ನು ನಮ್ಮವರು ಲ್ಯಾಮಿನೇಟ್ ಮಾಡಿಸಿ ಬೀರುವಿನಲ್ಲಿ ಮಗನ ಡಿಗ್ರಿ ಸರ್ಟಿಫಿಕೇಟಿನ ಕೆಳಗೇ ಇಟ್ಟಿದ್ದಾರೆ.

ಓಬವ್ವನ ಪಾತ್ರದ ಹುಡುಗಿ ಮರುವಾರ ಫೋನು ಮಾಡಿದ್ದಳು. ಅಪ್ಪನನ್ನು ಕೇಳಿದಳಂತೆ. ಅವರಿಗೂ ಬಡ್ಡಿ ಎಷ್ಟೆಂದು ಸರಿಯಾಗಿ ಗೊತ್ತಿರಲಿಲ್ಲ. ಶನಿವಾರ ಇಬ್ಬರೂ ಒಟ್ಟಿಗೆ ಬ್ಯಾಂಕಿಗೆ ಹೋಗುತ್ತಾರಂತೆ.