ಎಲ್ಲಿ ನಿಂತಿತು? ಬರೆದಿಟ್ಟುಕೊಳ್ಳಿ!

ಮನೆಯ ಮೂಲೆಯಲ್ಲಿ ಬಟ್ಟೆ ಹೊದ್ದು ಕುಳಿತ ಹಳೆಯ ಕಂಪ್ಯೂಟರ್ ನಿಮ್ಮಲ್ಲೂ ಒಂದಿರಬಹುದು. ‘ಇನ್ನು ಇದರ ಕತೆ ಮುಗೀತು, ಗುಜರಿಗೆ ಹಾಕಿ’ ಎಂದು ಯಾರಾದರೂ ಹೇಳಿಯೂ ಇರಬಹುದು. ಹಾಗೆ ಹಾಕುವ ಮೊದಲು ಮಕ್ಕಳೂ ಅಜ್ಜ–ಅಜ್ಜಿಯರೂ ಜೊತೆಗೆ ಕುಳಿತು ಇದನ್ನು ಓದಿ. ಕಂಪ್ಯೂಟರ್ ರಿಪೇರಿ ನನ್ನ ಕಸುಬಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತನಾದವನು. ಆದರೂ ಒಂದು ನೋಟ್‌ಬುಕ್ಕು, ಒಂದು ಪೆನ್ಸಿಲ್ಲು, ಒಂದಿಷ್ಟು ತಾಳ್ಮೆ ಇದ್ದರೆ ಕಂಪ್ಯೂಟರಿನ ರೋಗ ಎಲ್ಲಿದೆ ಎಂದು ಮನೆಯಲ್ಲೇ ಪತ್ತೆ ಹಚ್ಚಬಹುದು. ಬೇಸಿಗೆ ರಜೆಗೆ ಬಂದಿದ್ದ ಏಳನೇ ತರಗತಿಯ ಮೊಮ್ಮಗಳು ಅದನ್ನು ನನಗೆ ತೋರಿಸಿಕೊಟ್ಟಳು.

ಮದುವೆಮನೆಯ ಮೇಲ್ವಿಚಾರಕ

ಕಂಪ್ಯೂಟರಿನೊಳಗೆ ಆಪರೇಟಿಂಗ್ ಸಿಸ್ಟಂ ಎಂಬುದು ಮದುವೆಮನೆಯ ಮೇಲ್ವಿಚಾರಕನ ಹಾಗೆ. ಯಾರಿಗೆ ಯಾವ ಒಲೆ, ಯಾವ ಪಾತ್ರೆ ಎಲ್ಲಿ, ಯಾವ ಪಂಕ್ತಿಗೆ ಮೊದಲು ಬಡಿಸಬೇಕು ಎಂದೆಲ್ಲ ಅವನೇ ನೋಡಿಕೊಳ್ಳಬೇಕು. ಕೀಲಿಮಣೆ, ಪರದೆ, ಡಿಸ್ಕ್ ಎಲ್ಲವೂ ಅವನ ಮಾತು ಕೇಳುತ್ತವೆ. ಅವನಿಲ್ಲದಿದ್ದರೆ ಸಾಮಾನೆಲ್ಲ ಇದ್ದೂ ಊಟ ಏಳುವುದಿಲ್ಲ.

ನಮ್ಮ ಮನೆಯಲ್ಲಿ ಈ ಕೆಲಸ ಮಾಡುತ್ತಿದ್ದುದು ವಿಂಡೋಸ್ 10. ಅದಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅಂದೇ ಕಂಪ್ಯೂಟರುಗಳೇನೂ ನಿಂತುಹೋಗಲಿಲ್ಲ. ಆದರೆ ಕಳ್ಳಗಿಂಡಿಗಳನ್ನು ಮುಚ್ಚುವ ಅಪ್‌ಡೇಟ್‌ಗಳು ಮೊದಲಿನಂತೆ ಬರುವುದು ನಿಂತಿತು. ವಿಂಡೋಸ್ 11 ಹಾಕೋಣವೆಂದರೆ ಅದು ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯನ್ನೂ ಹೊಸ ತಲೆಮಾರಿನ ಪ್ರೊಸೆಸರನ್ನೂ ಕೇಳುತ್ತದೆ. ಹತ್ತು–ಹನ್ನೆರಡು ವರ್ಷದ ಯಂತ್ರಕ್ಕೆ ಅದೆಲ್ಲಿಂದ ಬರಬೇಕು?

ಹಾಗಾಗಿ ಲಿನಕ್ಸ್ ಹಾಕುವುದೆಂದು ತೀರ್ಮಾನಿಸಿದೆವು. ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಲಿನಸ್ ಟೊರ್ವಾಲ್ಡ್ಸ್ ಎಂಬ 21 ವರ್ಷದ ತರುಣ 1991ರಲ್ಲಿ ಲೋಕಕ್ಕೆ ಕೊಟ್ಟದ್ದು ಅದು. ಮಕ್ಕಳೇ, ನಿಮ್ಮ ಮನೆಯ ಆಂಡ್ರಾಯ್ಡ್ ಫೋನಿನ ತಿರುಳೂ ಲಿನಕ್ಸೇ. ಅದರ ಹಲವು ಬಗೆಗಳಲ್ಲಿ ನಾವು ಆರಿಸಿದ್ದು ಲಿನಕ್ಸ್ ಮಿಂಟ್. ಅದಕ್ಕೆ ಕನಿಷ್ಠ 2 ಜಿಬಿ ಮೆಮೊರಿ, ಡಿಸ್ಕಿನಲ್ಲಿ 20 ಜಿಬಿ ಜಾಗ ಸಾಕು. 4 ಜಿಬಿ ಮೆಮೊರಿ ಇದ್ದರೆ ಆರಾಮ. ನಮ್ಮಲ್ಲಿ 8 ಜಿಬಿ ಇತ್ತು. ಉಚಿತವಾಗಿಯೇ ಸಿಗುತ್ತದೆ.

ಮೊದಲು ಅಜ್ಜಿಯ ಹಾಡು

ಹೊಸ ಆಪರೇಟಿಂಗ್ ಸಿಸ್ಟಂ ಹಾಕುವಾಗ ಹಳೆಯ ಡಿಸ್ಕನ್ನು ಪೂರ್ತಿ ಅಳಿಸುವುದುಂಟು. ನಮ್ಮ ಡಿಸ್ಕಿನಲ್ಲಿ ಅಳಿಸಲಾಗದ್ದೊಂದು ಇತ್ತು. ನಾಲ್ಕು ವರ್ಷದ ಹಿಂದೆ ತೀರಿಕೊಂಡ ನನ್ನ ಹೆಂಡತಿ ಹೇಳಿದ ಹನ್ನೊಂದು ಆರತಿ ಹಾಡುಗಳು. ಮಗಳು ಬಾಣಂತನಕ್ಕೆ ಬಂದಿದ್ದಾಗ ರೆಕಾರ್ಡ್ ಮಾಡಿದ್ದು. ಹಿನ್ನೆಲೆಯಲ್ಲಿ ತೊಟ್ಟಿಲಿನ ಸದ್ದೂ ಇದೆ. ಆ ತೊಟ್ಟಿಲಲ್ಲಿದ್ದವಳೇ ಈ ಮೊಮ್ಮಗಳು.

ಲಿನಕ್ಸಿನಲ್ಲಿ ಒಂದು ಅನುಕೂಲವಿದೆ. ಡಿಸ್ಕನ್ನು ಮುಟ್ಟದೆ ಪೆನ್‌ಡ್ರೈವ್‌ನಿಂದಲೇ ಅದನ್ನು ಓಡಿಸಿ ನೋಡಬಹುದು. ಹಾಗೆ ಓಡಿಸಿ, ಹಳೆಯ ಡಿಸ್ಕಿನ ಫೋಟೋ, ಹಾಡುಗಳನ್ನೆಲ್ಲ ಹೊರಗಿನ ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿದೆವು. ಕಾಪಿ ಆಯಿತು ಎಂದು ಪರದೆ ಹೇಳಿದರೆ ಸಾಲದು, ತೆರೆದು ನೋಡಬೇಕು. ಮೊಮ್ಮಗಳು ತನ್ನ ಅಮ್ಮನ ಲ್ಯಾಪ್‌ಟಾಪಿನಲ್ಲಿ ಹನ್ನೊಂದೂ ಹಾಡು ಹಾಕಿ ಕೇಳಿದಳು. ಏಳನೆಯದು ನಡುವೆ ಕರಕರ ಎಂದಿತು. ಮೂಲದಲ್ಲಿ ಅದು ಚೆನ್ನಾಗಿಯೇ ಇತ್ತು! ಮತ್ತೆ ಕಾಪಿ ಮಾಡಿದಾಗ ಸರಿಯಾಗಿ ಬಂತು. ‘ಇದ್ಯಾಕೆ ಹೀಗಾಯ್ತು ಅಜ್ಜ?’ ಎಂದಳು. ಉತ್ತರ ನನಗೂ ಹೊಳೆಯಲಿಲ್ಲ. ‘ಬರೆದಿಡು’ ಎಂದೆ. ಅವಳ ರಫ್ ನೋಟ್‌ಬುಕ್ಕಿನ ಮೊದಲ ಸಾಲು ಅದೇ.

ಮೂರು ಸಲ ಎಡವಿತು

ಹಾಡುಗಳು ಭದ್ರವಾದ ಮೇಲೆ ‘ಇನ್‌ಸ್ಟಾಲ್’ ಒತ್ತಿದೆವು. ಫೈಲುಗಳು ಕಾಪಿ ಆಗುತ್ತಿದ್ದಂತೆ ಪರದೆಯ ಕೆಳಗಿನ ಪಟ್ಟಿ ತುಂಬುತ್ತಾ ಹೋಗಬೇಕು. ಅದು ಮುಕ್ಕಾಲು ತುಂಬಿ ನಿಂತಿತು. ಡಿಸ್ಕಿಗೆ ಬರೆಯಲಾಗುತ್ತಿಲ್ಲ, ಡಿಸ್ಕು ಹಳೆಯದಾಗಿರಬಹುದು, ಯಂತ್ರವನ್ನು ತಂಪಾದ ಜಾಗದಲ್ಲಿಡಿ ಎಂಬರ್ಥದ ಸಂದೇಶ ಬಂತು. ಎರಡನೇ ಸಲ ಕಾಲು ಭಾಗಕ್ಕೇ ಪರದೆ ಕಲ್ಲಾಯಿತು. ಮೂರನೇ ಸಲ ಅರ್ಧ ದಾಟಿ ನಿಂತಿತು. ಫೋನು ಮಾಡಿ ಕೇಳಿದರೆ ಪೇಟೆಯ ಅಂಗಡಿಯವರು, ‘ಹಾರ್ಡ್ ಡಿಸ್ಕ್ ಹೋಗಿದೆ, ಹೊಸದು ಹಾಕಿಸಿ’ ಎಂದರು.

ಹೊಸದು ಕೊಳ್ಳುವ ಮುಂಚೆ ಒಂದೊಂದನ್ನೇ ಪರೀಕ್ಷಿಸೋಣ ಎಂದೆ. ಪ್ರಯೋಗಾಲಯದಲ್ಲಿ ನಾನು ಮಕ್ಕಳಿಗೆ ಹೇಳುತ್ತಿದ್ದ ನಿಯಮವನ್ನೇ ಇಲ್ಲಿಯೂ ಇಟ್ಟುಕೊಂಡೆವು: ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಎರಡನ್ನು ಒಟ್ಟಿಗೆ ಬದಲಿಸಿದರೆ ಗುಣವಾದದ್ದು ಯಾವ ಮದ್ದಿನಿಂದ ಎಂದು ತಿಳಿಯುವುದಿಲ್ಲ.

ಮೊದಲನೆಯದು, ಇಳಿಸಿಕೊಂಡ ಫೈಲು. ಇಂಟರ್‌ನೆಟ್ ಆಗಾಗ ಕಡಿದರೆ ಅದು ಅರೆಬರೆ ಬಂದಿರಬಹುದು. ಇದನ್ನು ತಿಳಿಯಲು ಚೆಕ್‌ಸಮ್ ಎಂಬ ಉಪಾಯವಿದೆ. ಇಡೀ ಫೈಲನ್ನು ಲೆಕ್ಕ ಹಾಕಿ 64 ಅಕ್ಷರ–ಅಂಕಿಗಳ ಒಂದು ಸಾಲು ತೆಗೆಯುತ್ತಾರೆ. ಫೈಲಿನಲ್ಲಿ ಎಳ್ಳಷ್ಟು ಬದಲಾದರೂ ಆ ಸಾಲು ಗುರುತೇ ಸಿಗದಷ್ಟು ಬೇರೆಯಾಗುತ್ತದೆ. ಲ್ಯಾಪ್‌ಟಾಪಿನಲ್ಲಿ ಲೆಕ್ಕ ಹಾಕಿದೆವು. ತಯಾರಕರು ಪ್ರಕಟಿಸಿದ ಸಾಲನ್ನು ನಾನು ಗಟ್ಟಿಯಾಗಿ ಓದಿದೆ, ಅವಳು ಟಿಕ್ ಹಾಕಿದಳು. ಅರವತ್ತನಾಲ್ಕೂ ಹೊಂದಿದವು.

ಎರಡನೆಯದು, ಪೆನ್‌ಡ್ರೈವ್. ಬೇರೆಯದರಲ್ಲಿ ಹೊಸದಾಗಿ ಸಿದ್ಧಪಡಿಸಿ ನೋಡಿದೆವು. ಆಗಲೂ ಕೆಲಸ ಕೆಟ್ಟಿತು, ಅದೂ ಮತ್ತೊಂದು ಕಡೆ. ಮೂರನೆಯದು, ಹಾರ್ಡ್ ಡಿಸ್ಕ್. ಡಿಸ್ಕುಗಳು ತಮ್ಮ ಆರೋಗ್ಯದ ಲೆಕ್ಕವನ್ನು ತಾವೇ ಇಟ್ಟುಕೊಂಡಿರುತ್ತವೆ. ಸ್ಮಾರ್ಟ್ ಎಂದು ಅದರ ಹೆಸರು. ತೆರೆದು ನೋಡಿದರೆ ಕೆಟ್ಟ ಗುರುತು ಒಂದೂ ಇರಲಿಲ್ಲ.

ಹರಿದ ಹಾಳೆಯ ಲೆಕ್ಕ

ಆ ರಾತ್ರಿ ಊಟಕ್ಕೆ ಕುಳಿತಾಗಲೂ ಮೊಮ್ಮಗಳ ಪಕ್ಕದಲ್ಲಿ ನೋಟ್‌ಬುಕ್ಕು. ‘ಅಜ್ಜ, ಪುಸ್ತಕದ ಒಂದು ಹಾಳೆ ಹರಿದಿದ್ರೆ ಎಷ್ಟು ಸಲ ಓದಿದ್ರೂ ಅದೇ ಹಾಳೆ ಹತ್ರ ನಿಲ್ಬೇಕಲ್ವಾ? ಇದು ಪ್ರತಿ ಸಲ ಬೇರೆ ಬೇರೆ ಕಡೆ ನಿಲ್ತಾ ಇದೆ. ಹಾಡು ಕೂಡ ಒಂದು ಸಲ ಕೆಟ್ಟು ಇನ್ನೊಂದು ಸಲ ಸರಿ ಬಂತು. ಹಾಗಾದ್ರೆ ಪುಸ್ತಕ ಸರಿಯಿದೆ, ಓದುವವರ ಕಣ್ಣೇ ಸರಿಯಿಲ್ಲ!’

ಹುಳಿ ಕಲಸುತ್ತಿದ್ದ ನನ್ನ ಕೈ ನಿಂತಿತು. ಡಿಸ್ಕಿನಿಂದ ಡಿಸ್ಕಿಗೆ ಹೋಗುವ ಪ್ರತಿ ಫೈಲೂ ನಡುವೆ ಮೆಮೊರಿಯನ್ನು ಹಾದುಹೋಗಬೇಕು. ಸಂತೆಗೆ ಹೋಗುವ ಗಾಡಿಯ ತಳದಲ್ಲಿ ತೂತಿದ್ದರೆ, ಯಾವ ಸಾಮಾನು ಬೀಳುತ್ತದೆ ಎಂಬುದು ಆ ತೂತಿನ ಮೇಲೆ ಅಂದು ಯಾವುದು ಕುಳಿತಿದೆ ಎಂಬುದರ ಮೇಲೆ ನಿಂತಿದೆ. ಒಂದು ದಿನ ಬದನೆಕಾಯಿ, ಇನ್ನೊಂದು ದಿನ ಈರುಳ್ಳಿ. ಮೆಮೊರಿ ಕೆಟ್ಟರೂ ಹೀಗೆಯೇ. ವಿಪರೀತ ಸೆಕೆ, ಸರಿಯಿಲ್ಲದ ವಿದ್ಯುತ್ ಪೂರೈಕೆಯೂ ಇಂಥ ಆಟ ಆಡಿಸುವುದುಂಟು. ಆದರೆ ಪರೀಕ್ಷಿಸಲು ಸುಲಭವಾದದ್ದು ಮೆಮೊರಿ.

ಅದಕ್ಕೆ ಮೆಮ್‌ಟೆಸ್ಟ್86+ ಎಂಬ ಉಚಿತ ತಂತ್ರಾಂಶವಿದೆ. ಅದು ಮೆಮೊರಿಯ ಮನೆಮನೆಗೂ ಸೊನ್ನೆ–ಒಂದುಗಳನ್ನು ಬರೆದು, ಮತ್ತೆ ಓದಿ, ಬರೆದದ್ದೇ ಬಂತೇ ಎಂದು ನೋಡುತ್ತದೆ. ರಾತ್ರಿಯಿಡೀ ಓಡಲು ಬಿಟ್ಟೆವು. ಬೆಳಗ್ಗೆ ಎದ್ದು ನೋಡಿದರೆ ಪರದೆಯ ತುಂಬ ಕೆಂಪು ಸಾಲುಗಳು!

ನಮ್ಮ 8 ಜಿಬಿ ಎಂದರೆ 4 ಜಿಬಿಯ ಎರಡು ಪಟ್ಟಿಗಳು. ಪ್ಲಗ್ ಕಿತ್ತು, ಪವರ್ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಉಳಿದ ವಿದ್ಯುತ್ತನ್ನು ಖಾಲಿ ಮಾಡಿ, ಲೋಹದ ಡಬ್ಬಿಯನ್ನು ಮುಟ್ಟಿ ಮೈಯ ಸ್ಥಾಯಿ ವಿದ್ಯುತ್ತನ್ನೂ ಕಳೆದುಕೊಂಡು, ಎರಡನ್ನೂ ಹೊರತೆಗೆದೆ. ಒಂದನ್ನು ಮಾತ್ರ ಹಾಕಿ ಪರೀಕ್ಷಿಸಿದೆವು. ತಪ್ಪಿಲ್ಲ. ಅದನ್ನು ತೆಗೆದು ಅದೇ ಜಾಗಕ್ಕೆ ಇನ್ನೊಂದನ್ನು ಹಾಕಿದೆವು. ಹತ್ತು ನಿಮಿಷದೊಳಗೆ ಕೆಂಪು. ‘ಅದೇ ಜಾಗಕ್ಕೇ ಯಾಕೆ?’ ಎಂದು ಕೇಳಿದೆ. ‘ಜಾಗದ್ದು ತಪ್ಪಲ್ಲ ಅಂತ ಗೊತ್ತಾಗ್ಬೇಕಲ್ಲ!’ ಎಂದಳು. ಪರೀಕ್ಷೆಯಲ್ಲಾದರೆ ಪೂರ್ತಿ ಅಂಕ ಕೊಡುತ್ತಿದ್ದೆ.

ಕೆಟ್ಟ ಪಟ್ಟಿಯನ್ನು ಇ–ತ್ಯಾಜ್ಯಕ್ಕೆ ಎತ್ತಿಟ್ಟು, ಉಳಿದ 4 ಜಿಬಿಯಲ್ಲೇ ಮತ್ತೆ ‘ಇನ್‌ಸ್ಟಾಲ್’ ಒತ್ತಿದೆವು. ಪಟ್ಟಿ ಎಲ್ಲಿಯೂ ನಿಲ್ಲದೆ ಕೊನೆ ಮುಟ್ಟಿತು. ಹೊಸ ಕಂಪ್ಯೂಟರಿನಲ್ಲಿ ನಾವು ಮೊದಲು ಕೇಳಿದ್ದು ಏಳನೇ ಹಾಡು. ಹೊಸ ಹಾರ್ಡ್ ಡಿಸ್ಕಿನ ದುಡ್ಡೂ ಉಳಿಯಿತು.

ನಿಮ್ಮ ಮನೆಯಲ್ಲಿ ಮಾಡುವಾಗ

* ಮೊದಲು ಫೋಟೋ, ಹಾಡು, ಕಾಗದಪತ್ರಗಳನ್ನು ಎರಡು ಕಡೆ ಕಾಪಿ ಮಾಡಿ. ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿ.
* ಇಳಿಸಿಕೊಂಡ ಫೈಲನ್ನು ಪೆನ್‌ಡ್ರೈವ್‌ಗೆ ಸುಮ್ಮನೆ ಎಳೆದು ಹಾಕಿದರೆ ಕಂಪ್ಯೂಟರ್ ಅದರಿಂದ ಶುರುವಾಗುವುದಿಲ್ಲ. ರೂಫಸ್, ಎಚರ್‌ನಂಥ ತಂತ್ರಾಂಶದಿಂದ ಬರೆಯಬೇಕು. ಹಾಗೆ ಬರೆದಾಗ ಪೆನ್‌ಡ್ರೈವ್‌ನಲ್ಲಿ ಮೊದಲಿದ್ದದ್ದು ಅಳಿಸಿಹೋಗುತ್ತದೆ.
* ಪೆನ್‌ಡ್ರೈವ್‌ನಿಂದ ಶುರು ಮಾಡಲು ಆನ್ ಮಾಡಿದ ಕೂಡಲೇ ಎಫ್12, ಎಫ್2, ಎಸ್ಕೇಪ್ ಅಥವಾ ಡಿಲೀಟ್ ಒತ್ತಬೇಕು. ಯಾವುದು ಎಂಬುದು ಯಂತ್ರದಿಂದ ಯಂತ್ರಕ್ಕೆ ಬೇರೆ.
* ಕರೆಂಟು ಕೈಕೊಡುವ ಊರಾದರೆ ಯುಪಿಎಸ್ ಇರಲಿ. ಲ್ಯಾಪ್‌ಟಾಪಾದರೆ ಚಾರ್ಜರ್ ಹಾಕಿಯೇ ಕುಳಿತುಕೊಳ್ಳಿ.
* ಡಬ್ಬಿ ಬಿಚ್ಚುವ ಕೆಲಸ ದೊಡ್ಡವರದು. ಒಳಗಿನ ಪವರ್ ಸಪ್ಲೈ ಪೆಟ್ಟಿಗೆಯನ್ನಂತೂ ಯಾರೂ ಬಿಚ್ಚಬೇಡಿ.

ಮಕ್ಕಳೇ, ಗುಂಡಿ ಒತ್ತುವ ಧೈರ್ಯ ನಿಮಗಿದೆ. ಅಜ್ಜ–ಅಜ್ಜಿಯರೇ, ಕಾಯುವ ತಾಳ್ಮೆ ನಮಗಿದೆ. ಒಂದೇ ಕಡೆ ಪದೇ ಪದೇ ಎಡವಿದರೆ ದಾರಿಯಲ್ಲಿ ಕಲ್ಲಿದೆ. ಸಿಕ್ಕಸಿಕ್ಕಲ್ಲಿ ಎಡವಿದರೆ ಕಾಲನ್ನು ನೋಡಬೇಕು. ಯಾವುದು ಎಂದು ತಿಳಿಯಲು ನೋಟ್‌ಬುಕ್ಕಿನಲ್ಲಿ ದಿನಾಂಕ ಹಾಕಿ, ಅದರ ಕೆಳಗೆ ಒಂದೇ ಒಂದು ಪ್ರಶ್ನೆ ಬರೆದುಕೊಳ್ಳಿ: ಎಲ್ಲಿ ನಿಂತಿತು?