ತನ್ನ ದ್ವಾರವನ್ನು ತಾನೇ ಮುಚ್ಚುವ ಕ್ಯಾಲ್ಸಿಯಂ

ಕೆರೆಯ ಅಂಚಿನಲ್ಲಿ ಕೊಳೆತ ಹುಲ್ಲುಕಡ್ಡಿಗಳ ನಡುವೆ ನಿಂತ ನೀರಿನ ಒಂದು ಹನಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡುವವರಿಗೆ, ಪಾದರಕ್ಷೆಯ ಆಕಾರದ ಒಂದು ಜೀವಿಯು ತನ್ನ ಅಕ್ಷದ ಸುತ್ತ ಹೊರಳುತ್ತ ಎಡೆಬಿಡದೆ ಈಜುವ ದೃಶ್ಯ ಕಾಣಸಿಗುವುದುಂಟು. ಇದೇ ಪ್ಯಾರಾಮೀಸಿಯಂ. ಇದರ ಉದ್ದ ಮಿಲಿಮೀಟರಿನ ಮೂರನೆಯ ಒಂದು ಭಾಗವನ್ನು ದಾಟುವುದು ವಿರಳ; ದೇಹವೆಲ್ಲ ಒಂದೇ ಜೀವಕೋಶ; ಮಿದುಳಿಲ್ಲ, ನರವಿಲ್ಲ, ಸ್ನಾಯುವಿಲ್ಲ; ಮೈತುಂಬ ಹಬ್ಬಿರುವ ಸಾವಿರಾರು ಲೋಮಾಂಗಗಳ ಬಡಿತವೊಂದೇ ಚಲನೆಗೆ ಸಾಧನ. ಹೀಗಿದ್ದೂ ದಾರಿಯಲ್ಲಿ ಅಡ್ಡಿಯೊಂದು ತಗುಲಿದೊಡನೆ ಅದು ಥಟ್ಟನೆ ನಿಂತು, ಬಂದ ದಿಕ್ಕಿಗೇ ಹಿಂಜರಿದು, ಕ್ಷಣಕಾಲ ಮುಂತುದಿಯನ್ನು ಸುತ್ತಿಸಿ, ಬೇರೊಂದು ದಿಕ್ಕನ್ನು ಹಿಡಿದು ಮತ್ತೆ ಮುಂದುವರಿಯುತ್ತದೆ. ಕೆಳಮಟ್ಟದ ಜೀವಿಗಳ ವರ್ತನೆಯನ್ನು ಕುರಿತು 1906ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದ ಅಮೆರಿಕದ ಪ್ರಾಣಿವಿಜ್ಞಾನಿ ಹರ್ಬರ್ಟ್ ಸ್ಪೆನ್ಸರ್ ಜೆನ್ನಿಂಗ್ಸ್ ಈ ಹಿಂಜರಿಕೆಯನ್ನು ಸವಿವರವಾಗಿ ವರ್ಣಿಸಿದ್ದರು. ಆದರೆ ನರವೇ ಇಲ್ಲದ ದೇಹದಲ್ಲಿ ಹಿಂದಿರುಗೆಂಬ ಆಜ್ಞೆಯನ್ನು ಹೊರಡಿಸುವುದು ಯಾವುದು, ಹೊರಟ ಆಜ್ಞೆಯನ್ನು ಹಿಂತೆಗೆದುಕೊಳ್ಳುವುದು ಯಾವುದು ಎಂಬ ಪ್ರಶ್ನೆಗಳಿಗೆ ಉತ್ತರ ದೊರೆಯಲು ಇನ್ನೂ ಅರ್ಧ ಶತಮಾನಕ್ಕೂ ಮಿಕ್ಕ ಕಾಲ ಬೇಕಾಯಿತು.

ಉತ್ತರದ ಮೂಲವಿರುವುದು ಸುಣ್ಣದ ಧಾತುವಾದ ಕ್ಯಾಲ್ಸಿಯಮಿನಲ್ಲಿ. ಜೀವಕೋಶದೊಳಗೆ ಶಕ್ತಿಯ ವ್ಯವಹಾರ ಬಹುಮಟ್ಟಿಗೆ ಫಾಸ್ಫೇಟಿನ ಮೂಲಕ ನಡೆಯತಕ್ಕದ್ದು. ಕ್ಯಾಲ್ಸಿಯಮ್ಮೋ ಫಾಸ್ಫೇಟಿನೊಡನೆ ಕೂಡಿ ಕರಗದ ಲವಣವಾಗಿ ಗಟ್ಟಿಗೊಳ್ಳುವ ಸ್ವಭಾವದ್ದು. ಆದಕಾರಣ ಜೀವಕೋಶಗಳೆಲ್ಲವೂ ಅದನ್ನು ಸತತವಾಗಿ ಹೊರದೂಡುತ್ತ, ಒಳಗಿನ ಅದರ ಪ್ರಮಾಣವನ್ನು ಹೊರಗಿನದರ ಸಾವಿರಾರು ಭಾಗಗಳಲ್ಲೊಂದಕ್ಕಿಂತಲೂ ಕಡಮೆಯಾಗಿ ಉಳಿಸಿಕೊಂಡು ಬಂದಿವೆ. ಒಳಗೆ ಇಷ್ಟು ವಿರಳವಾಗಿರುವುದರಿಂದಲೇ, ಕೋಶಪೊರೆಯ ಒಂದು ದ್ವಾರ ಕ್ಷಣಮಾತ್ರ ತೆರೆದರೂ ನುಗ್ಗಿಬರುವ ಕ್ಯಾಲ್ಸಿಯಂ ಅಯಾನುಗಳು ಸ್ಪಷ್ಟವಾದ ಸಂಕೇತವಾಗಬಲ್ಲವು. ಅಯಾನುಗಳು ವಿದ್ಯುದಂಶವನ್ನು ಹೊತ್ತವುಗಳಾದ್ದರಿಂದ ಅವುಗಳ ಈ ಹರಿವೇ ಒಂದು ವಿದ್ಯುತ್ಪ್ರವಾಹ.

ಯುಟಾಕಾ ನೈಟೋ ಮತ್ತು ರೋಜರ್ ಎಕರ್ಟ್ ಎಂಬ ವಿಜ್ಞಾನಿಗಳು ಅತಿಸೂಕ್ಷ್ಮವಾದ ವಿದ್ಯುದಗ್ರಗಳನ್ನು ಪ್ಯಾರಾಮೀಸಿಯಮಿನೊಳಕ್ಕೆ ಚುಚ್ಚಿ, ಪೊರೆಯ ವಿದ್ಯುದ್ವಿಭವದಲ್ಲಿ ಈ ಪ್ರವಾಹ ಉಂಟುಮಾಡುವ ಬದಲಾವಣೆಯನ್ನು ಅಳೆದರು. 1969ರಲ್ಲಿ ಅವರು ಪ್ರಕಟಿಸಿದ ಫಲಿತಾಂಶಗಳು ಇಂತಿವೆ: ಜೀವಿಯ ಮುಂಭಾಗವನ್ನು ತಾಕಿದರೆ ಕ್ಯಾಲ್ಸಿಯಂ ಒಳನುಗ್ಗುತ್ತದೆ, ಲೋಮಾಂಗಗಳ ಬಡಿತ ತಿರುಗುಮುರುಗಾಗುತ್ತದೆ, ಜೀವಿ ಹಿಂದಕ್ಕೆ ಸರಿಯುತ್ತದೆ; ಹಿಂಭಾಗವನ್ನು ತಾಕಿದರೆ ಪೊಟ್ಯಾಸಿಯಂ ಹೊರಹರಿಯುತ್ತದೆ, ಜೀವಿ ಮತ್ತಷ್ಟು ವೇಗವಾಗಿ ಮುಂದಕ್ಕೆ ಈಜುತ್ತದೆ. ಕೆಲವು ವರ್ಷಗಳಲ್ಲಿಯೇ ಮಾರ್ಜಕದಿಂದ ಕೋಶಪೊರೆಯನ್ನು ಭೇದಿಸಿದ ನಿರ್ಜೀವ ಪ್ಯಾರಾಮೀಸಿಯಮಿಗೆ ಶಕ್ತಿಯನ್ನೊದಗಿಸುವ ಫಾಸ್ಫೇಟ್ ಸಂಯುಕ್ತವಾದ ಎ.ಟಿ.ಪಿ.ಯನ್ನೂ ಮೆಗ್ನೀಸಿಯಮನ್ನೂ ಉಣಿಸಿ ಈಜಿಸಿದ್ದಾಯಿತು. ಆ ದ್ರವದಲ್ಲಿ ಕ್ಯಾಲ್ಸಿಯಮಿನ ಪ್ರಮಾಣ ಲೀಟರಿಗೆ ಒಂದು ಮೋಲಿನ ದಶಲಕ್ಷದ ಒಂದು ಭಾಗವನ್ನು ಮೀರಿದಾಗ ಸತ್ತ ದೇಹವೂ ಹಿಮ್ಮುಖವಾಗಿ ಈಜತೊಡಗಿತು.

ಇದಕ್ಕೆ ವಂಶವಾಹಿಗಳ ಸಾಕ್ಷ್ಯವೂ ಒದಗಿಬಂದಿತು. ಹಿಂದಕ್ಕೆ ಈಜಲಾರದ ಕೆಲವು ವಿಕೃತ ತಳಿಗಳನ್ನು 1971ರಲ್ಲಿ ಚಿಂಗ್ ಕುಂಗ್ ಎಂಬ ವಿಜ್ಞಾನಿ ಬೇರ್ಪಡಿಸಿ, ಚದುರಂಗದಲ್ಲಿ ಹಿಂದಿರುಗುವ ಹಕ್ಕಿಲ್ಲದ ಕಾಲಾಳಿನ ಹೆಸರನ್ನೇ ಅವುಗಳಿಗಿಟ್ಟರು. ಇಂಥ ತಳಿಯ ಪೊರೆಯನ್ನು ಮಾರ್ಜಕದಿಂದ ಭೇದಿಸಿ ಕ್ಯಾಲ್ಸಿಯಮನ್ನು ಒದಗಿಸಿದಾಗ ಅದೂ ನಿರಾತಂಕವಾಗಿ ಹಿಮ್ಮೆಟ್ಟಿತು. ದೋಷವಿದ್ದದ್ದು ಲೋಮಾಂಗದ ಯಂತ್ರದಲ್ಲಲ್ಲ, ಪೊರೆಯ ದ್ವಾರದಲ್ಲಿ ಎಂಬುದು ಇದರಿಂದ ಸಿದ್ಧವಾಯಿತು. ಲೋಮಾಂಗಗಳನ್ನು ಕಳಚಿಹಾಕಿದರೆ ಕ್ಯಾಲ್ಸಿಯಮಿನ ಪ್ರವಾಹ ಮಾಯವಾಗಿ, ಅವು ಮತ್ತೆ ಬೆಳೆದಂತೆಲ್ಲ ಮರಳುವುದರಿಂದ, ಆ ದ್ವಾರಗಳ ನೆಲೆ ಲೋಮಾಂಗಗಳ ಪೊರೆಯೇ ಎಂಬುದೂ ತಿಳಿದುಬಂದಿತು.

ತೆರೆದ ದ್ವಾರವನ್ನು ಮುಚ್ಚುವುದು ಹೇಗೆಂಬುದೇ ಈ ಕಥೆಯ ಅತ್ಯಂತ ಸ್ವಾರಸ್ಯವಾದ ಭಾಗ. ನರತಂತುವಿನ ಸೋಡಿಯಂ ದ್ವಾರಗಳು ಪೊರೆಯ ವಿದ್ಯುದ್ವಿಭವಕ್ಕೆ ಅಧೀನವಾಗಿ ತೆರೆದು, ಅದಕ್ಕೆ ಅಧೀನವಾಗಿಯೇ ಮುಚ್ಚಿಕೊಳ್ಳುವುವೆಂದು ಹಾಡ್ಜ್‌ಕಿನ್ ಮತ್ತು ಹಕ್ಸ್ಲಿ ಎಂಬ ವಿಜ್ಞಾನಿಗಳು 1952ರಲ್ಲಿ ನಿರೂಪಿಸಿದ್ದರು. ಕ್ಯಾಲ್ಸಿಯಂ ದ್ವಾರಕ್ಕೂ ಇದೇ ನಿಯಮವಿರಬೇಕೆಂದು ಊಹಿಸುವುದು ಸಹಜವಾಗಿದ್ದಿತು. ಆದರೆ 1978ರಲ್ಲಿ ಪಾಲ್ ಬ್ರೆಮ್ ಮತ್ತು ಎಕರ್ಟ್ ಪ್ಯಾರಾಮೀಸಿಯಮಿನಲ್ಲಿ ಕಂಡದ್ದು ಬೇರೆ. ಪ್ರವಾಹವು ಮೊದಲಾದ ಒಂದು ಸೆಕೆಂಡಿನ ನೂರನೆಯ ಭಾಗದೊಳಗೆ ಕುಗ್ಗಿಹೋಗುತ್ತಿದ್ದಿತು. ಹೊರಗಿನ ಕ್ಯಾಲ್ಸಿಯಮಿನ ಬಹುಭಾಗವನ್ನು ತೆಗೆದು ಅದರ ಬಂಧುಗಳಾದ ಬೇರಿಯಮನ್ನೋ ಸ್ಟ್ರಾಂಷಿಯಮನ್ನೋ ಇಟ್ಟರೆ ಆ ಕುಗ್ಗುವಿಕೆ ಬಹಳ ನಿಧಾನವಾಗುತ್ತಿದ್ದಿತು. ಒಳಬಂದ ಕ್ಯಾಲ್ಸಿಯಮ್ಮೇ ತಾನು ಬಂದ ದ್ವಾರವನ್ನು ಮುಚ್ಚುತ್ತದೆಂಬುದೇ ಇದರ ತಾತ್ಪರ್ಯ. ಕೆರೆಯ ತೂಬಿನಿಂದ ಹರಿದ ನೀರು ಕಾಲುವೆಯಲ್ಲಿ ಒಂದು ಮಟ್ಟಕ್ಕೆ ಏರಿದೊಡನೆ, ನೀರುಗಂಟಿಯ ನೆರವಿಲ್ಲದೆ, ಆ ತೂಬನ್ನು ತಾನೇ ಮುಚ್ಚಿಬಿಟ್ಟಂತೆ. ಇದೇ ನಿಯಮವು ಬಸವನಹುಳುವಿನ ಜಾತಿಯ ಪ್ರಾಣಿಗಳ ನರಕೋಶಗಳಲ್ಲಿಯೂ, ಮುಂದೆ ಸಸ್ತನಿಗಳ ಹೃದಯದಲ್ಲಿಯೂ ಕಂಡುಬಂದಿತು.

ನಿಯಂತ್ರಣವು ಇಷ್ಟಕ್ಕೇ ಮುಗಿಯುವುದಿಲ್ಲ. ಒಳಬಂದ ಕ್ಯಾಲ್ಸಿಯಮನ್ನು ಕ್ಯಾಲ್ಮಾಡ್ಯುಲಿನ್ ಎಂಬ ಚಿಕ್ಕ ಪ್ರೋಟೀನು ಹಿಡಿದುಕೊಂಡು ಪೊಟ್ಯಾಸಿಯಂ, ಸೋಡಿಯಂ ಮೊದಲಾದ ಇತರ ದ್ವಾರಗಳಿಗೆ ಸುದ್ದಿ ಮುಟ್ಟಿಸುತ್ತದೆ. ಪೊಟ್ಯಾಸಿಯಂ ಹೊರಹರಿದು ಪೊರೆಯು ಮೊದಲಿನ ಸ್ಥಿತಿಗೆ ಮರಳುತ್ತದೆ. ಪೊರೆಯ ಪಂಪುಗಳು ಉಳಿದ ಕ್ಯಾಲ್ಸಿಯಮನ್ನು ಹೊರಹಾಕುತ್ತವೆ. ಕ್ಯಾಲ್ಮಾಡ್ಯುಲಿನ್ನಿನ ಒಂದು ತುದಿಯಲ್ಲಿ ದೋಷವಿರುವ ತಳಿಗಳಲ್ಲಿ ಪೊಟ್ಯಾಸಿಯಮಿನ ಆ ಪ್ರವಾಹ ಕುಂದಿ, ಅವು ಅಲ್ಪ ಪ್ರಚೋದನೆಗೂ ಅತಿಯಾಗಿ ಅಂಜಿದಂತೆ ಬಹಳ ಹೊತ್ತು ಹಿಂದಕ್ಕೇ ಈಜುತ್ತವೆ. ಇನ್ನೊಂದು ತುದಿಯಲ್ಲಿ ದೋಷವಿರುವವುಗಳಲ್ಲಿ ಸೋಡಿಯಮಿನ ಪ್ರವಾಹ ಕುಂದಿ, ಅವು ಇರಬೇಕಾದುದಕ್ಕಿಂತ ಕಡಮೆ ಪ್ರತಿಕ್ರಿಯೆ ತೋರುತ್ತವೆ. ಒಂದೇ ಅಣುವಿನ ಎರಡು ತುದಿಗಳಿಗೆ ಎರಡು ಭಿನ್ನ ಕರ್ತವ್ಯಗಳಿವೆಯೆಂಬ ಸಂಗತಿಯನ್ನು ವಿಜ್ಞಾನವು 1990ರಲ್ಲಿ ಕಲಿತದ್ದು ಹೀಗೆ, ಈಜಲು ತಪ್ಪಿದ ಈ ಜೀವಿಗಳಿಂದ.

ಸಂಯಮವೆಂಬುದು ವಿಕಸಿತವಾದ ಮಿದುಳಿನ ಸಾಧನೆಯೆಂದು ಭಾವಿಸುವವರು ಗಮನಿಸಬೇಕಾದ ವಿಷಯವಿದು: ಪ್ರಚೋದನೆಯಲ್ಲಿಯೇ ಅದರ ಕೊನೆಯನ್ನೂ ಇಟ್ಟಿರುವ ಏರ್ಪಾಡು ಒಂಟಿ ಜೀವಕೋಶದಲ್ಲಿಯೇ ಪೂರ್ಣವಾಗಿ ನೆಲೆಗೊಂಡಿದೆ. 1999ರ ಸಂಶೋಧನೆಗಳಿಂದ ತಿಳಿದಂತೆ, ಸಸ್ತನಿಗಳ ಹೃದಯದ ಕ್ಯಾಲ್ಸಿಯಂ ದ್ವಾರಕ್ಕೆ ಅಂಟಿಕೊಂಡಿದ್ದು, ಅಯಾನುಗಳು ಒಳಬಂದೊಡನೆ ಅದನ್ನು ಮುಚ್ಚಿಸುವುದೂ ಕ್ಯಾಲ್ಮಾಡ್ಯುಲಿನ್ನೇ. ಮನುಷ್ಯರಲ್ಲಿ ಈ ಪ್ರೋಟೀನಿನ ವಂಶವಾಹಿಯೊಂದು ಕೆಟ್ಟಾಗ ಎಳೆಯ ವಯಸ್ಸಿನಲ್ಲಿಯೇ ಹೃದಯದ ಲಯ ಅಪಾಯಕರವಾಗಿ ತಪ್ಪುವುದುಂಟು.